ಹಗಲಿನ ಅಂಕಿಗಳು, ನಸುಕಿನ ಕೆರೆ

ಒಂದು ಕೆರೆಯ ನೀರಿನಲ್ಲಿ ಆಮ್ಲಜನಕ ಎಷ್ಟಿರುತ್ತದೆ ಎಂದು ಲೆಕ್ಕ ಹಾಕುವ ಗಣಿತದ ಮಾಡೆಲ್ ಕಟ್ಟಿ ಮುಗಿಸಿದಾಗ ಗ್ರಾಫ್ ನೋಡಿ ಬಹಳ ಸಮಾಧಾನವಾಗಿತ್ತು. ಕರಗಿದ ಆಮ್ಲಜನಕದ ಗೆರೆ ನಾವು ಅಳೆದ ಚುಕ್ಕಿಗಳ ಮೇಲೇ ಹಾದುಹೋಗುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ, ಒಂದು ಬೆಳಗ್ಗೆ ದಡದುದ್ದಕ್ಕೂ ಮೀನುಗಳು ಸತ್ತು ತೇಲಿದ್ದವು. ನನ್ನ ಲೆಕ್ಕದ ಪ್ರಕಾರ ಅಂದು ನೀರಿನಲ್ಲಿ ಆಮ್ಲಜನಕಕ್ಕೆ ಕೊರತೆಯೇ ಇರಲಿಲ್ಲ.

ಮೊದಲು ಸಮೀಕರಣಗಳನ್ನು ತಡಕಾಡಿದೆ. ಅವುಗಳ ತಿರುಳು 1925ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಓಹಾಯೊ ನದಿಯ ಅಧ್ಯಯನದಿಂದ ಕೊಟ್ಟದ್ದೇ: ಹೊಲಸು ಕೊಳೆಯುತ್ತಾ ಆಮ್ಲಜನಕವನ್ನು ತಿನ್ನುತ್ತದೆ, ಗಾಳಿಯಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. ಅದರ ಮೇಲೆ ಪಾಚಿ, ರಂಜಕ, ಸಾರಜನಕ ಸೇರಿಸಿದ್ದೆ. ದೋಷ ಸಿಗಲಿಲ್ಲ. ಸ್ಯಾಂಪಲ್ ಬರೆದಿಡುವ ಪುಸ್ತಕ ತೆರೆದಾಗ ಹೊಳೆಯಿತು: ಎಲ್ಲವನ್ನೂ ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ, ಅದೂ ಮೇಲ್ನೀರಿನಿಂದಲೇ ತೆಗೆದಿದ್ದೆವು. ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುವ ಹೊತ್ತು ಅದು. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಅದನ್ನು ಬರಿದು ಮಾಡುವುದನ್ನು ನಾವು ಅಳೆದೇ ಇರಲಿಲ್ಲ.

ಮರುದಿನ ಸೂರ್ಯ ಹುಟ್ಟುವ ಮೊದಲೇ ದೋಣಿ ಹತ್ತಿದೆ. ಟಾರ್ಚ್ ಬೆಳಕಿನಲ್ಲಿ ಮೀಟರ್ ನೋಡುತ್ತಾ, ಆಮ್ಲಜನಕ ಅಳೆಯುವ ಅದರ ಪ್ರೋಬನ್ನು ನೀರಿಗೆ ಇಳಿಬಿಟ್ಟೆ. ಮೇಲೆ ಲೀಟರಿಗೆ 3 ಮಿಲಿಗ್ರಾಂ. ಒಂದು ಮೀಟರ್ ಕೆಳಗೆ 2. ತಳ ಮುಟ್ಟುವಾಗ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಮೇಲೆತ್ತಿದ ಪ್ರೋಬಿಗೆ ಮೆತ್ತಿದ್ದ ಕಪ್ಪು ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಈ ಕೆಸರು ಹೀರುವ ಆಮ್ಲಜನಕಕ್ಕೆ ಮಾಡೆಲಿನಲ್ಲಿ ನಾನು ಇಟ್ಟಿದ್ದ ಬೆಲೆ ಸೊನ್ನೆ!

ಹಾಗಿದ್ದೂ ಗೆರೆ ಕೂಡಿದ್ದು ಹೇಗೆ? ಕ್ಯಾಲಿಬ್ರೇಶನ್ ಮಾಡುವಾಗ, ಅಂದರೆ ಮಾಡೆಲಿನ ಅಂಕಿಗಳನ್ನು ಅಳತೆಗೆ ಹೊಂದಿಸುವಾಗ, ಹೊಲಸು ಕೊಳೆಯುವ ದರವನ್ನು ಚುಕ್ಕಿಗಳು ಕೂಡುವವರೆಗೂ ಏರಿಸಿದ್ದೆ. ಕೆಸರಿನ ಪಾಲೂ ಆ ಒಂದೇ ಅಂಕಿಯ ತಲೆಗೆ ಬಿದ್ದಿತ್ತು. ನಮ್ಮ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯವಿರುವುದು ಇದರ ಬಗ್ಗೆಯೇ. ಉತ್ತರ ಸರಿಯಾಗಿ ಕಾಣುತ್ತದೆ, ಕಾರಣ ತಪ್ಪಿರುತ್ತದೆ.

ಆಮೇಲೆ ದಿನದ ಸರಾಸರಿ ಬಿಟ್ಟು ಗಂಟೆಗಂಟೆಯ ಲೆಕ್ಕಕ್ಕೆ ಬಂದೆ. ನೀರನ್ನು ಮೇಲಿನ ಪದರ, ಕೆಳಗಿನ ಪದರ ಎಂದು ಒಡೆದೆ. ತಳದ ಕೆಸರನ್ನು ಕೊಳವೆಗಳಲ್ಲಿ ತಂದು, ಅದರ ಮೇಲೆ ನೀರು ನಿಲ್ಲಿಸಿ, ಆಮ್ಲಜನಕ ಇಳಿಯುವ ವೇಗ ಅಳೆದೆವು. ಆ ಅಂಕಿ ಹಾಕಿದ ಮೇಲೆ ಕೊಳೆಯುವ ದರ ಪ್ರಯೋಗಾಲಯದ ಬೆಲೆಯ ಹತ್ತಿರಕ್ಕೆ ತಾನಾಗಿ ಇಳಿಯಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಗಾಳಿಯಿಂದ ಹಿಡಿದಿಡಬಲ್ಲದ್ದು ಲೀಟರಿಗೆ ಸುಮಾರು 7.6 ಮಿಲಿಗ್ರಾಂ ಮಾತ್ರ. ಹಾಗಾಗಿ ಬೇಸಿಗೆಯ ರಾತ್ರಿಗಳನ್ನು ಬೇರೆಯಾಗಿಯೇ ಓಡಿಸಿ ನೋಡಿದೆ.

ಕ್ಯಾಲಿಬ್ರೇಶನ್‌ಗೆ ಬಳಸದೆ ಎತ್ತಿಟ್ಟಿದ್ದ ಹತ್ತು ದಿನಗಳ ಅಳತೆಯೊಂದಿಗೆ ಹೋಲಿಸಿದಾಗ ನಸುಕಿನ ಕುಸಿತ ಗ್ರಾಫಿನಲ್ಲಿ ಕಂಡಿತು. ಗಾಳಿ ಜೋರಾಗಿ ಬೀಸಿ ಪದರಗಳು ಕಲಸಿಹೋಗುವ ದಿನಗಳಲ್ಲಿ ಲೆಕ್ಕ ಇನ್ನೂ ತಪ್ಪುತ್ತಿದೆ. ಈಗ ಕೆರೆಯ ನಡುವೆ ಗಾಳಿಯ ವೇಗ ಅಳೆಯುವ ಉಪಕರಣ ನೆಟ್ಟಿದ್ದೇವೆ.