ಡಿಟಿಪಿ ಮೇಜಿನಲ್ಲಿ ಕಲಿತ ಪಿಎಚ್‌ಪಿ: ನನ್ನ ಅನುಭವ

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾಲ ಮುಗಿಯಿತು, ನಲವತ್ತೈದು ದಾಟಿದ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವನಿಗೆ ಅದು ದಕ್ಕುವುದೂ ಇಲ್ಲ ಎಂದವರೇ, ನಮ್ಮ ಮಾಸಿಕದ ಸುಮಾರು ಮೂರು ಸಾವಿರ ಚಂದಾದಾರರ ವಿಳಾಸಚೀಟಿಗಳು ಪಿನ್‌ಕೋಡ್ ಕ್ರಮದಲ್ಲಿ ಒಂದೆರಡು ನಿಮಿಷಕ್ಕೆ ಸಿದ್ಧವಾಗುವುದನ್ನು ಕಂಡು ಈಗ ವಿಧಾನ ಕೇಳುತ್ತಿದ್ದಾರೆ.

ಮೊದಲು ಹಣದ ಮಾತು. ತರಬೇತಿ ಸಂಸ್ಥೆಯೊಂದಕ್ಕೆ ಹದಿನೆಂಟು ಸಾವಿರದಷ್ಟು ಕಟ್ಟಿದ್ದೆ. ಅಲ್ಲಿ ಕೊಟ್ಟ ಟಿಪ್ಪಣಿಯ ತುಂಬ ಇದ್ದದ್ದು, 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತುಹಾಕಿದ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಬಳಸುವ ಹಳೆಯ ಫಂಕ್ಷನ್‌ಗಳು (ಸಿದ್ಧ ಆಜ್ಞೆಗಳು). ಹೊಸ ಆವೃತ್ತಿಯಲ್ಲಿ ಅವು ‘ಅನ್‌ಡಿಫೈನ್ಡ್ ಫಂಕ್ಷನ್’ (ಅಂಥ ಫಂಕ್ಷನ್ ಇಲ್ಲ) ಎಂಬ ದೋಷವನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಆ ಹಣ ಹಿಂದಿರುಗಲಿಲ್ಲ. ಆಮೇಲಿನ ಖರ್ಚೆಂದರೆ ಹದಿನಾಲ್ಕು ಸಾವಿರದ ಆಸುಪಾಸಿನ ಹಳೆಯ ಲ್ಯಾಪ್‌ಟಾಪ್ ಮಾತ್ರ; ಪಿಎಚ್‌ಪಿಯನ್ನು ನಮ್ಮ ಯಂತ್ರದಲ್ಲೇ ಓಡಿಸುವ ಸ್ಯಾಂಪ್ (XAMPP) ತಂತ್ರಾಂಶ ಉಚಿತ, ಪಿಎಚ್‌ಪಿ ಕೈಪಿಡಿಯೂ ಉಚಿತ.

ನನ್ನ ವಿಧಾನ ಇಷ್ಟೇ: ವಿಳಾಸಪಟ್ಟಿಗೆ ಬೇಕಾದುದನ್ನು ಬಿಟ್ಟು ಬೇರೇನನ್ನೂ ಕಲಿಯಲಿಲ್ಲ, ಒಂದು ಸಾಲನ್ನೂ ನಕಲಿಸಿ ಅಂಟಿಸಲಿಲ್ಲ, ಮತ್ತು ರಿಫ್ರೆಶ್ ಒತ್ತುವ ಮೊದಲು ತೆರೆಯ ಮೇಲೆ ಏನು ಬರಬೇಕೆಂಬುದನ್ನು ಪ್ರೂಫ್ ಹಾಳೆಯ ಬೆನ್ನಿಗೆ ಬರೆದಿಡುತ್ತಿದ್ದೆ. ಬರೆದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ. ವೇರಿಯಬಲ್, ಇಫ್, ಅರೇ (ಪಟ್ಟಿ), ಫೋರ್‌ಈಚ್ ಎಂಬ ಭಾಷೆಯ ಮೂಲಪಾಠಗಳೆಲ್ಲವೂ ಹೀಗೆ ತಿಂಗಳೊಪ್ಪತ್ತಿನಲ್ಲಿ ಕೈವಶವಾದವು.

ತಾಳೆ ಬಹಳ ಸತಾಯಿಸಿದ್ದು ಅಕ್ಷರ ಎಣಿಕೆಯಲ್ಲಿ. ‘ಕನ್ನಡ’ ಎಂಬುದಕ್ಕೆ ಹಾಳೆಯಲ್ಲಿ 3 ಎಂದು ಬರೆದಿದ್ದೆ. ಬೈಟು ಎಣಿಸುವ ಸ್ಟ್ರ್‌ಲೆನ್ ಫಂಕ್ಷನ್ 15 ಎಂದಿತು, ಸಂಕೇತ ಎಣಿಸುವ ಎಂಬಿ-ಸ್ಟ್ರ್‌ಲೆನ್ 5 ಎಂದಿತು, ಕೂಡಿದ ಅಕ್ಷರಗಳನ್ನು ಎಣಿಸುವ ಗ್ರಾಫೀಮ್-ಸ್ಟ್ರ್‌ಲೆನ್ 4 ಎಂದಿತು. ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು; ಕ, ನ, ವಿರಾಮ (ಅರ್ಧಾಕ್ಷರ ಮಾಡುವ ‘್’ ಚಿಹ್ನೆ), ನ, ಡ ಸೇರಿ ಐದು ಸಂಕೇತ; ಗ್ರಾಫೀಮ್ ಎಣಿಕೆಯು ‘ನ್’ ಅನ್ನು ಒಂದಾಗಿಸಿದರೂ ಒತ್ತಕ್ಷರವನ್ನು ಅದಕ್ಕೆ ಸೇರಿಸುವುದಿಲ್ಲ. ಅಚ್ಚುಮೊಳೆ ಜೋಡಿಸಿ ಬೆಳೆದ ನಮಗೆ ಬೇಕಾದ 3 ಬರಬೇಕಾದರೆ ವಿರಾಮದ ನಂತರದ ವ್ಯಂಜನವನ್ನು ನಾವೇ ಹಿಂದಿನದಕ್ಕೆ ಕೂಡಿಸಬೇಕು. ‘ಬಸ್‌ಗೆ’ ಎಂಬಂತೆ ಎರಡೂ ಬಿಡಿಬಿಡಿಯಾಗಿ ನಿಲ್ಲುವ ಕಡೆ ಕೂಡಿಸಬಾರದು. ಕಂಪ್ಯೂಟರ್ ಪದವೀಧರರು ಯಾರೂ ನನಗಿದನ್ನು ಹೇಳಿರಲಿಲ್ಲ.

‘ಹೆಡರ್ಸ್ ಆಲ್‌ರೆಡಿ ಸೆಂಟ್’ ಎಂಬ ದೋಷಸಂದೇಶದ ಕಾಟಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು, ಹಳೆಯ ನೋಟ್‌ಪ್ಯಾಡ್ ಕಡತದ ತಲೆಗೆ ಅಂಟಿಸುತ್ತಿದ್ದ ಕಾಣದ ಬಾಮ್ ಎಂಬ ಮೂರು ಬೈಟುಗಳೇ ಕಾರಣವೆಂದು. ಎಡಿಟರ್ ಬದಲಿಸಿದೆ, ಮುಗಿಯಿತು.

ನಡುವೆ, ನನ್ನದೇ ನಿಯಮ ಮೀರಿ, ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪ್ರಯೋಗಕ್ಕೂ ಇಳಿದೆ. ಪಠ್ಯ ಬದಲಿಸುವ ಸ್ಟ್ರ್-ರಿಪ್ಲೇಸ್ ಫಂಕ್ಷನ್‌ಗೆ ಪಟ್ಟಿ ಕೊಟ್ಟರೆ ಅದು ತಾನೇ ಬದಲಿಸಿದ್ದನ್ನು ಮತ್ತೆ ಬದಲಿಸಿ ಪಠ್ಯವನ್ನು ಕಲಸಿಬಿಡುತ್ತದೆ. ಅದೇ ಕೆಲಸದ ಸ್ಟ್ರ್-ಟಿಆರ್‌ಗೆ ಅರೇ ಕೊಟ್ಟರೆ ಉದ್ದದ ಕೀಲಿಯನ್ನು (ಹುಡುಕಬೇಕಾದ ತುಣುಕನ್ನು) ಮೊದಲು ಹಿಡಿಯುತ್ತದೆ, ಬದಲಿಸಿದ್ದನ್ನು ಮತ್ತೆ ಮುಟ್ಟುವುದಿಲ್ಲ. ಅರ್ಕಾವತ್ತು ನುಡಿಯಲ್ಲಿ ಅಕ್ಷರದ ನಂತರವೂ ಯೂನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲೂ ಕೂರುವುದರಿಂದ, ಅದನ್ನು ಸ್ಥಳಾಂತರಿಸಲು ಆರೇಳು ಸಾಲಿನ ಫಂಕ್ಷನ್ ಒಂದನ್ನು ಬರೆದಿದ್ದೇನೆ. ಎರಡು ಮುದ್ರಣಾಲಯಗಳವರು ಈಗಾಗಲೇ ಅದಕ್ಕೆ ದುಡ್ಡು ಕೊಟ್ಟಿರುವುದರಿಂದ ಇಲ್ಲಿ ಬಿಚ್ಚಿಡಲಾರೆ.