ಸಿಕ್ಕುಗಟ್ಟಿದ ಅಂಗೋರಾ ಸ್ವೆಟರನ್ನು ಮತ್ತೆ ಅರಳಿಸಿದ್ದು: ನನ್ನ ಅನುಭವ

"ಸಿಕ್ಕುಗಟ್ಟಿದ ಅಂಗೋರಾ ಅಂದ್ರೆ ಮುಗೀತು, ಗುಂಡಿ ಬಿಚ್ಚಿಟ್ಕೊಂಡು ಉಳಿದದ್ದು ಎಸೀರಿ." ಅಂಗೋರಾ ಮೊಲದ ಕೂದಲಿನ ಹಳೇ ಸ್ವೆಟರುಗಳನ್ನು ಸರಿಮಾಡಿ ಮಾರುವ ಈ ಕೆಲಸ ನಾನು ಶುರುಮಾಡಿದಾಗ ಇಲ್ಲಿನ ಹಳೇ ಬಟ್ಟೆ ವ್ಯಾಪಾರಿಗಳೆಲ್ಲ ಹೇಳಿದ್ದು ಇದನ್ನೇ. ಈಗ ಅವರಲ್ಲೇ ಕೆಲವರು ತಮ್ಮ ಸ್ವೆಟರುಗಳನ್ನು ನನಗೆ ಕಳಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ನಾನಿರುವುದು ಅಮೆರಿಕದ ಓಹಾಯೋದಲ್ಲಿ, ಕ್ಲೀವ್‌ಲ್ಯಾಂಡ್ ಹತ್ತಿರ. ಉಣ್ಣೆ ತೊಳೆದು ಒಣಗಿಸಿ ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ, ಅದನ್ನೆಲ್ಲ ಮೊದಲಿಂದ ಹೇಳುತ್ತಾ ಕೂರುವುದಿಲ್ಲ.

ನಾನು ಹುಡುಕುವುದು 1950ರ ದಶಕದ ಮಾಲು. ಸೊಂಟಕ್ಕೇ ನಿಲ್ಲುವ ಗಿಡ್ಡ ಸ್ವೆಟರು, ಕತ್ತಿನ ಹಿಂದೆ ಪುಟಾಣಿ ಲೋಹದ ಜಿಪ್ಪು, ತಿಳಿಗುಲಾಬಿ ಇಲ್ಲವೇ ತಿಳಿನೀಲಿ ಬಣ್ಣ. ಬಾಬಿ ಬ್ರೂಕ್ಸ್ ಅನ್ನುವುದು ಇದೇ ಕ್ಲೀವ್‌ಲ್ಯಾಂಡಿನ ಬಟ್ಟೆ ಕಂಪನಿಯಾಗಿತ್ತು, 1939ರಲ್ಲಿ ಶುರುವಾದದ್ದು, ಅದರ ಸ್ವೆಟರುಗಳು ಇಲ್ಲಿನ ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ಇನ್ನೂ ಸಿಗುತ್ತವೆ. ಬ್ರಿಟಿಷ್ ಹಾಂಗ್‌ಕಾಂಗ್ ಲೇಬಲ್ಲಿನ, ಕೈಯಲ್ಲಿ ಮಣಿ ಪೋಣಿಸಿದ, ಒಳಗೆ ರೇಷ್ಮೆ ಅಸ್ತರಿ ಇರುವ ಕಾರ್ಡಿಗನ್‌ಗಳೂ ಸಿಗುತ್ತವೆ, ಆದರೆ ಮಣಿ ಕೆಲಸ ಇದ್ದರೆ ತೊಳೆಯುವುದು ತಲೆನೋವು. ಲೇಬಲ್ಲಿನಲ್ಲಿ ಡಬ್ಲ್ಯೂಪಿಎಲ್ ಅಂತ ನಂಬರ್ (ಉಣ್ಣೆ ಬಟ್ಟೆ ಕಂಪನಿಗಳಿಗೆ ಅಮೆರಿಕ ಸರ್ಕಾರ ಕೊಟ್ಟ ನೋಂದಣಿ ನಂಬರ್) ಇದ್ದರೆ ಖುಷಿಪಡಿ. ಆ ನಂಬರುಗಳನ್ನು ಕೊಡುತ್ತಿದ್ದದ್ದು 1941ರಿಂದ 1959ರವರೆಗೆ ಮಾತ್ರ. ತೊಳೆಯುವ ಸೂಚನೆಯ ಲೇಬಲ್ ಹೊಲಿದಿದ್ದರೆ ಅನುಮಾನಪಡಿ, ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 1972ರಲ್ಲಿ.

ಇದಕ್ಕೆ ಯಾಕಿಷ್ಟು ಹುಚ್ಚು ಅಂತ ನಮ್ಮವರು ಕೇಳುತ್ತಿರುತ್ತಾರೆ. ಒಮ್ಮೆ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ಅಂಚಿನ ಸುತ್ತ ಬೆಳಕಿನದೇ ಒಂದು ಗೆರೆ ಮೂಡುತ್ತದೆ. ಅಂಗೋರಾ ಮೊಲದ ಕೂದಲು ತುಂಬಾ ತೆಳು, ತುಂಬಾ ನುಣುಪು. ಹಾಗಾಗಿ ನೂಲಿನಲ್ಲಿ ಪೂರ್ತಿ ಕಚ್ಚಿಕೊಂಡು ಕೂರದೆ ತುದಿ ಹೊರಗೆ ಚಾಚುತ್ತದೆ. ಕಪ್ಪು ಬಿಳುಪು ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಿರ್ದೇಶಕ ಎಡ್ ವುಡ್‌ಗಂತೂ ಅಂಗೋರಾ ಅಂದರೆ ಪ್ರಾಣ. ಅವನ 1953ರ ಚಿತ್ರದಲ್ಲಿ ನಾಯಕಿ ಮೈಮೇಲಿದ್ದ ಅಂಗೋರಾ ಸ್ವೆಟರನ್ನು ಬಿಚ್ಚಿ, ನಾಯಕನಾಗಿ ತಾನೇ ನಟಿಸಿದ್ದ ಅವನ ಕೈಗೆ ಕೊಡುವ ದೃಶ್ಯ ಇದೆ. ನನಗೆ ಆ ದೃಶ್ಯ ನಿಜಕ್ಕೂ ಅರ್ಥವಾಗುತ್ತದೆ. 2013ರಲ್ಲಿ ಚೀನಾದ ಫಾರ್ಮುಗಳಲ್ಲಿ ಮೊಲಗಳ ಕೂದಲು ಕೀಳುವ ವಿಡಿಯೊ ಹೊರಬಂದ ಮೇಲೆ ದೊಡ್ಡ ದೊಡ್ಡ ಅಂಗಡಿಗಳು ಅಂಗೋರಾ ಕೈಬಿಟ್ಟವು. ಕೈಬಿಟ್ಟದ್ದು ಸರಿಯೇ. ಆದರೆ ಅರವತ್ತು ಎಪ್ಪತ್ತು ವರ್ಷ ಉಳಿದು ಬಂದ ಸ್ವೆಟರನ್ನು ಕಸಕ್ಕೆ ಹಾಕಿದರೆ ಯಾವ ಮೊಲಕ್ಕೆ ಒಳ್ಳೆಯದಾಯಿತು?

ಈಗ ಕೆಲಸಕ್ಕೆ ಬರೋಣ. ಮೊದಲ ವರ್ಷ ಸುಮಾರು ಐನೂರು ಡಾಲರ್ ಮಣ್ಣುಪಾಲು. ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಕೊಟ್ಟೆ, ಕೊಳೆ ಹೋಯಿತು, ಆದರೆ ಇಸ್ತ್ರಿ ಒತ್ತಿ ಅಪ್ಪಚ್ಚಿ ಮಾಡಿ ಕಳಿಸಿದರು. ಅಂಗಡಿಯ ಉಣ್ಣೆ ಸೋಪು ಹಾಕಿದೆ, ತಿಳಿಬಣ್ಣದವು ಪರವಾಗಿಲ್ಲ, ಆದರೆ ಕಂಕುಳ ಸಿಕ್ಕು ಅಲ್ಲಾಡಲಿಲ್ಲ. ತಲೆಗೆ ಹಾಕುವ ಕಂಡಿಷನರ್ ಹಾಕಿ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದು ಎರಡು ದಿನ ಚೆಂದ, ಆಮೇಲೆ ಕೂದಲು ಜಿಡ್ಡಾಗಿ ಮಲಗಿಬಿಡುತ್ತದೆ. ಡ್ರೈಯರ್‌ನಲ್ಲಿ ಸ್ವಲ್ಪವೇ ಬಿಸಿ ಕೊಟ್ಟರೂ ಸ್ವೆಟರು ಕುಗ್ಗಿ ಕಂಬಳಿಯ ಹಾಗಾಗುತ್ತದೆ.

ದಾರಿ ತೋರಿಸಿದ್ದು ಅಂಟುವಾಳ. ನಮ್ಮಮ್ಮ ರೇಷ್ಮೆ ಸೀರೆಗಳನ್ನೆಲ್ಲ ಅಂಟುವಾಳದಲ್ಲೇ ಒಗೆಯುತ್ತಿದ್ದರು. ರೇಷ್ಮೆಗೆ ಆಗುವುದು ಮೊಲದ ಕೂದಲಿಗೆ ಯಾಕಾಗಬಾರದು ಅಂತ ಊರಿಂದ ಒಂದು ಕೆಜಿ ತರಿಸಿದೆ. ಸೋಪಿನ ಕ್ಷಾರ ಇದರಲ್ಲಿಲ್ಲ, ಸ್ವಲ್ಪ ಹುಳಿ ಕಡೆಗೇ ಇರುತ್ತದೆ, ಕೂದಲಿಗೆ ಬೇಕಾದದ್ದೂ ಅದೇ. ಬೀಜ ತೆಗೆದ ಎಂಟು ಹತ್ತು ಕಾಯಿ ರಾತ್ರಿ ನೆನೆಹಾಕಿ, ಕಿವುಚಿ, ಎರಡು ಸಲ ಸೋಸಿ, ಒಂದು ಬಕೆಟ್ ನೀರಿಗೆ ಹಾಕುತ್ತೇನೆ. ಅಚ್ಚ ಬಿಳಿ ಸ್ವೆಟರಿಗೆ ಮಾತ್ರ ಬೇಡ, ಕಂದು ಛಾಯೆ ಹಿಡಿಯುತ್ತದೆ.

ನೀರಿಗೆ ಹಾಕುವ ಮುಂಚೆ ನುಸಿಯ ಕಾಟ ಮುಗಿಸಬೇಕು. ಜಿಪ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿ ಇಡುತ್ತೇನೆ. ತೊಳೆಯುವ ನೀರು, ಜಾಲಿಸುವ ನೀರು ಎರಡೂ ಒಂದೇ ಹದಕ್ಕೆ ಇರಲಿ, ಕೈಗೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಉಜ್ಜಬೇಡಿ, ಒತ್ತಿ ಬಿಡಿ ಅಷ್ಟೇ. ಎತ್ತುವಾಗ ಭುಜ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಉದ್ದ ಆಗಿಹೋಗುತ್ತದೆ, ನಾನು ದೊಡ್ಡ ಜರಡಿಯಲ್ಲಿ ಎತ್ತುತ್ತೇನೆ. ಕೊನೆಯ ನೀರಿಗೆ ಇನ್ನೊಂದು ವಸ್ತು ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ನನ್ನ ಸಂಪಾದನೆ ನಿಂತಿರುವುದೇ ಅದರ ಮೇಲೆ.

ಸಿಕ್ಕು ಬಿಡಿಸುವುದು ಸ್ವೆಟರು ಮುಕ್ಕಾಲು ಒಣಗಿದಾಗ. ಪೂರ್ತಿ ಒಣಗಿದರೆ ಕೂದಲು ಮುರಿಯುತ್ತದೆ, ಒದ್ದೆ ಇದ್ದರೆ ಇನ್ನೂ ಬಿಗಿಯುತ್ತದೆ. ಎಡಗೈಯ ಎರಡು ಬೆರಳಲ್ಲಿ ಸಿಕ್ಕಿನ ಬುಡವನ್ನು ಹೆಣಿಗೆಗೆ ಒತ್ತಿ ಹಿಡಿಯಿರಿ, ಎಳೆತ ನೂಲಿಗೆ ತಾಗಕೂಡದು. ಬಲಗೈಯಲ್ಲಿ ಮೊಂಡು ತುದಿಯ ದಪ್ಪ ಸೂಜಿ. ಸಿಕ್ಕಿನ ಹೊರತುದಿಯಿಂದ ಶುರುಮಾಡಿ ನಾಲ್ಕೈದು ಕೂದಲು ಮಾತ್ರ ಬಿಡಿಸಿ, ಬಿಟ್ಟು, ಪಕ್ಕಕ್ಕೆ ಹೋಗಿ. ಬುಡದಿಂದ ಎಳೆದರೆ ಅಲ್ಲೇ ತೂತು. ಒಂದು ಕಂಕುಳಿಗೆ ಒಂದು ಸಂಜೆ ಹಿಡಿಯುತ್ತದೆ. ಇಷ್ಟು ತಾಳ್ಮೆ ಇಲ್ಲಿನ ವ್ಯಾಪಾರಿಗಳಿಗೆ ಇರಲಿಲ್ಲ, ಅದಕ್ಕೇ ಆಗಲ್ಲ ಅಂದದ್ದು. ಆಮೇಲೆ ಒಳಗಿನಿಂದ ಹಗುರವಾಗಿ ಹಬೆ ಕೊಟ್ಟು, ಕೊಡವಿ, ಮಗುವಿನ ತಲೆ ಬಾಚುವ ಮೆತ್ತನೆ ಬ್ರಷ್ ಆಡಿಸುತ್ತೇನೆ. ಹಬೆ ತಾಗುತ್ತಿದ್ದ ಹಾಗೆ ತುಪ್ಪಳ ಎದ್ದು ನಿಲ್ಲುವುದನ್ನು ನೋಡಬೇಕು!

ಬ್ರಷ್‌ನಲ್ಲಿ ಬಂದ ಕೂದಲನ್ನು ಎಸೆಯಬೇಡಿ. ನಾನು ಬಣ್ಣದ ಪ್ರಕಾರ ಲಕೋಟೆಗಳಲ್ಲಿ ಇಟ್ಟಿದ್ದೇನೆ. ಮೊಣಕೈ ಬೋಳಾಗಿದ್ದರೆ ಅದೇ ಬಣ್ಣದ ಕೂದಲನ್ನು ತೆಳ್ಳಗೆ ಹರಡಿ, ಕೆಳಗೆ ಸ್ಪಂಜು ಇಟ್ಟು, ಫೆಲ್ಟಿಂಗ್ ಸೂಜಿಯಿಂದ (ಕೂದಲನ್ನು ಹೆಣಿಗೆಯೊಳಗೆ ಸಿಕ್ಕಿಸುವ, ಪುಟ್ಟ ಕಚ್ಚುಗಳಿರುವ ಸೂಜಿ) ಚುಚ್ಚಿ ಕೂರಿಸುತ್ತೇನೆ. ಮಾಡಿಸಿಕೊಂಡವರಿಗೇ ಮೊಣಕೈ ಯಾವುದು ಅಂತ ಗೊತ್ತಾಗುವುದಿಲ್ಲ. ಎಷ್ಟು ಆಳ ಚುಚ್ಚಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಭಾರತಕ್ಕೆ ಹೋಗಿದ್ದಾಗ ಕುಲ್ಲುವಿನಿಂದ ಅಂಗೋರಾ ನೂಲು ತಂದು, ಹಳೇ ಸ್ವೆಟರಿನ ಅಳತೆಗೇ ಹೊಸದು ಹೆಣೆದೆ. ಪೂರ್ತಿ ಅಂಗೋರಾ ಹಾಕಿದ್ದು ಒಂದೇ ಚಳಿಗಾಲಕ್ಕೆ ಜೋತುಬಿತ್ತು. ಆ ಕೂದಲಿಗೆ ಹಿಗ್ಗಿ ಮರಳುವ ಗುಣ ಕಡಿಮೆ. ಹಳೇ ಕಾರ್ಖಾನೆಯವರು ಕುರಿಮರಿ ಉಣ್ಣೆ ಜಾಸ್ತಿ ಹಾಕಿ, ಐದನೇ ಒಂದು ಪಾಲಿನಷ್ಟು ಅಂಗೋರಾ, ಚೂರು ನೈಲಾನ್ ಸೇರಿಸುತ್ತಿದ್ದದ್ದು ಬರೀ ದುಡ್ಡು ಉಳಿಸಲಿಕ್ಕಲ್ಲ. ಎರಡನೆಯದನ್ನು ಅದೇ ಲೆಕ್ಕದಲ್ಲಿ ಹೆಣೆದೆ, ಇನ್ನೂ ಮೈಗೆ ಸರಿಯಾಗಿ ಕೂರುತ್ತದೆ.

ದುಡ್ಡಿನ ವಿಷಯ ಕೇಳುವವರಿಗೆ ಹೇಳುತ್ತೇನೆ. ಸಿಕ್ಕುಗಟ್ಟಿದ ಸ್ವೆಟರು ಹತ್ತರಿಂದ ಇಪ್ಪತ್ತು ಡಾಲರ್‌ಗೆ ಸಿಗುತ್ತದೆ. ಅರಳಿಸಿದ ಮೇಲೆ ನೂರರ ಮೇಲೆ ಹೋಗುತ್ತದೆ, ಒಳ್ಳೆ ಗುಲಾಬಿ ಬಣ್ಣ ಇದ್ದರೆ ನೂರೈವತ್ತು. ಗಂಟೆ ಲೆಕ್ಕ ಹಾಕಿದರೆ ಕೂಲಿ ಕಡಿಮೆಯೇ, ಆದರೂ ಹೋದ ಚಳಿಗಾಲ ಮೊದಲ ವರ್ಷದ ನಷ್ಟವೆಲ್ಲ ತೀರಿ ಮೇಲೆ ಒಂದಷ್ಟು ಉಳಿಯಿತು. ಈಗ ಮಣಿ ಕೆಲಸದ ಒಂದು ಹಾಂಗ್‌ಕಾಂಗ್ ಕಾರ್ಡಿಗನ್ ಕೈಗೆ ತೆಗೆದುಕೊಂಡಿದ್ದೇನೆ. ಅಸ್ತರಿ ಬಿಚ್ಚಿ ಬೇರೆಯಾಗಿ ತೊಳೆಯುವ ಯೋಚನೆ ಇದೆ. ಯಾರಾದರೂ ಮಾಡಿದ್ದರೆ ಹೇಳಿ.