ಡಕ್ಟ್ ಒಳಗೆ ಬೂಷ್ಟು: ಉಜ್ಜುವ ಮುಂಚೆ ನೀರು ಹುಡುಕಿ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅಮ್ಮ ತೀರ್ಥಹಳ್ಳಿಯಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನ ನಮ್ಮ ಮನೆಗೆ ಬಂದಳು. ಸೂಟ್‌ಕೇಸ್ ಇನ್ನೂ ಬಾಗಿಲಲ್ಲೇ ಇತ್ತು. ಅಷ್ಟರಲ್ಲಿ ಎಸಿ ಶುರುವಾಗಿ ಸೀಲಿಂಗಿನಿಂದ ತಣ್ಣನೆ ಗಾಳಿ ಬಿತ್ತು. ಅಮ್ಮ ಮೂಗು ಎಳೆದು, "ಎಂತದೋ ಇದು ಮಾರಾಯ, ಆಷಾಢದಲ್ಲಿ ಬಟ್ಟೆ ಪೆಟ್ಟಿಗೆ ತೆಗೆದ ಹಾಗೆ ವಾಸನೆ" ಅಂದಳು. ನಾವು ಮೂರು ವರ್ಷದಿಂದ ಅದೇ ಗಾಳಿ ಕುಡಿಯುತ್ತಿದ್ದೆವು. ನಮ್ಮ ಮೂಗಿಗೆ ಏನೂ ಗೊತ್ತಾಗಿರಲಿಲ್ಲ.

ಊರಿನ ಓದುಗರಿಗೆ ಒಂದು ಮಾತು. ಇಲ್ಲಿ ರೂಮಿಗೊಂದು ಎಸಿ ಇರುವುದಿಲ್ಲ. ಇಡೀ ಮನೆಗೆ ಒಂದೇ ಯಂತ್ರ. ಅದರ ಗಾಳಿ ಡಕ್ಟ್ ಎಂಬ ಕೊಳವೆಗಳಲ್ಲಿ ಹರಿದು ರೂಮು ರೂಮಿಗೆ ಹೋಗುತ್ತದೆ. ಚಳಿಗಾಲದಲ್ಲಿ ಬಿಸಿ ಗಾಳಿಗೂ ಅದೇ ದಾರಿ. ಟೆಕ್ಸಾಸ್‌ನಲ್ಲಿ ಈ ಕೊಳವೆಗಳು ಹೆಚ್ಚಾಗಿ ಅಟ್ಟದಲ್ಲಿರುತ್ತವೆ. ಬೇಸಿಗೆಯಲ್ಲಿ ಅಟ್ಟ ಅಂದರೆ ಕಾದ ಹೆಂಚು. ಕೊಳವೆಯೊಳಗೆ 55 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ಗಾಳಿ, ಹೊರಗೆ ಬೆವರಿಳಿಸುವ ಸೆಕೆ. ತಣ್ಣೀರಿನ ಚೊಂಬು ಹೊರಗಡೆ ಬೆವರುತ್ತದಲ್ಲ, ಇಲ್ಲೂ ಅದೇ ಕಥೆ. ಎಲ್ಲಿ ಬೆವರಿತೋ ಅಲ್ಲಿ ಬೂಷ್ಟು.

ಬೂಷ್ಟೋ, ಬರೀ ಮಸಿಯೋ?

ರೂಮಿಗೆ ಗಾಳಿ ಬೀಳುವ ಕಿಂಡಿಗೆ ಇಲ್ಲಿ ವೆಂಟ್ ಅನ್ನುತ್ತಾರೆ. ಅದರ ಜಾಲರಿಯ ಎರಡು ಸ್ಕ್ರೂ ಬಿಚ್ಚಿ. ಮೊಬೈಲಿನ ಟಾರ್ಚ್ ಹಾಕಿ, ಕೈ ಒಳಗೆ ತೂರಿಸಿ ವಿಡಿಯೊ ಮಾಡಿ. ಕಂಡ ಕಪ್ಪೆಲ್ಲ ಬೂಷ್ಟಲ್ಲ. ನಮ್ಮ ಹಾಲಿನ ವೆಂಟ್ ಸುತ್ತ ಕಪ್ಪು ಗೆರೆ ನೋಡಿ ನಾನು ಗಾಬರಿಯಾಗಿದ್ದೆ. ಆಮೇಲೆ ನೋಡಿದರೆ ಅದು ಊದುಬತ್ತಿ ಮತ್ತು ದೀಪದ ಮಸಿ, ಮೇಲೊಂದಿಷ್ಟು ಅಟ್ಟದ ಧೂಳು. ದೇವರ ಗೂಡು ಅದರ ಕೆಳಗೇ ಇದೆ.

ಸುಲಭದ ಪರೀಕ್ಷೆ ಒಂದಿದೆ. ಹತ್ತಿ ಕಡ್ಡಿಯಲ್ಲಿ ಒಂದು ಹನಿ ಬ್ಲೀಚ್ ತೆಗೆದು ಕಲೆಗೆ ಮುಟ್ಟಿಸಿ. ಒಂದೆರಡು ನಿಮಿಷದಲ್ಲಿ ಬಣ್ಣ ಹೋದರೆ ಬೂಷ್ಟು ಇರಬಹುದು. ಹಾಗೇ ಉಳಿದರೆ ಬಹುಶಃ ಧೂಳು. ಖಚಿತ ಬೇಕು ಅನ್ನುವವರು ಪಾರದರ್ಶಕ ಅಂಟುಟೇಪನ್ನು ಕಲೆಗೆ ಒತ್ತಿ ತೆಗೆದು ಲ್ಯಾಬಿಗೆ ಕಳಿಸಬಹುದು. ಇದು ಯಾವ ಜಾತಿಯ ಬೂಷ್ಟು, ವಿಷದ್ದಾ ಅಂತ ತಲೆಕೆಡಿಸಿಕೊಳ್ಳುವುದು ಬೇಡ. ಯಾವ ಜಾತಿಯಾದರೂ ಮಾಡುವ ಕೆಲಸ ಒಂದೇ.

ಹೀಗೆ ಪರೀಕ್ಷೆ ಮಾಡುವ ಮುಂಚೆಯೇ ನಾನೊಂದು ಎಡವಟ್ಟು ಮಾಡಿಕೊಂಡಿದ್ದೆ. ಅಂಚೆಯಲ್ಲಿ ಬಂದ 99 ಡಾಲರ್ ಕೂಪನ್ ನೋಡಿ ಡಕ್ಟ್ ಕ್ಲೀನ್ ಮಾಡುವವರನ್ನು ಕರೆದೆ. ಬಂದವನು ಅಟ್ಟ ಹತ್ತಿ ಐದೇ ನಿಮಿಷದಲ್ಲಿ ಇಳಿದ. ಮೊಬೈಲಿನಲ್ಲಿ ಕರಿ ಬೂಷ್ಟಿನ ಫೋಟೊ ತೋರಿಸಿ, 2,800 ಡಾಲರ್ ಆಗುತ್ತದೆ, ಮಕ್ಕಳಿರುವ ಮನೆ, ತಡ ಮಾಡಬೇಡಿ ಅಂದ. ಫೋಟೊದಲ್ಲಿದ್ದದ್ದು ಹೊಳೆಯುವ ತಗಡಿನ ಡಕ್ಟ್. ನಮ್ಮದೋ, ಗಾಜಿನ ಉಣ್ಣೆಯ ಹೊದಿಕೆ ಸುತ್ತಿದ ಬಗ್ಗುವ ಪ್ಲಾಸ್ಟಿಕ್ ಕೊಳವೆ! ನಮ್ಮ ಅಟ್ಟದಲ್ಲಿ ತಗಡೇ ಇಲ್ಲವಲ್ಲ ಮಾರಾಯ ಅಂತ ಕೇಳಬೇಕಿತ್ತು. ಸುಮ್ನೆ ಕಳಿಸಿಬಿಟ್ಟೆ. ಯಾರೇ ಬರಲಿ, ಬೂಷ್ಟನ್ನು ನಿಮ್ಮ ಕಣ್ಣೆದುರೇ, ನಿಮ್ಮ ಡಕ್ಟಿನಲ್ಲೇ ತೋರಿಸಬೇಕು. ಡಕ್ಟ್‌ಗಳನ್ನು ವರ್ಷ ವರ್ಷ ಕ್ಲೀನ್ ಮಾಡಿಸಬೇಕು ಅಂತಲೂ ಇಲ್ಲ. ಇಲ್ಲಿನ ಪರಿಸರ ಸಂಸ್ಥೆ ಇಪಿಎ ಹೇಳುವುದೇ ಹಾಗೆ: ಬೂಷ್ಟು ಕಣ್ಣಿಗೆ ಕಾಣುವಷ್ಟಿದ್ದರೆ, ಇಲಿ ಹುಳ ಸೇರಿದ್ದರೆ ಅಥವಾ ಧೂಳು ಕಟ್ಟಿಕೊಂಡಿದ್ದರೆ ಮಾತ್ರ.

ನೀರು ಎಲ್ಲಿಂದ?

ಜಾಸ್ತಿ ಸಮಯ ಹಾಕಬೇಕಾದ್ದು ಇಲ್ಲಿ. ನೀರಿನ ಮೂಲ ಹಾಗೇ ಬಿಟ್ಟು ಎಷ್ಟು ಉಜ್ಜಿದರೂ ಒಂದೆರಡು ತಿಂಗಳಲ್ಲಿ ಬೂಷ್ಟು ವಾಪಸ್.

ಮೊದಲು ಎಸಿಯ ನೀರು ಹೊರಗೆ ಹೋಗುವ ಪೈಪು ನೋಡಿ. ಯಂತ್ರದೊಳಗೆ ಗಾಳಿಯನ್ನು ತಣ್ಣಗಾಗಿಸುವ ಕಾಯಿಲ್ ಎಂಬ ಸುರುಳಿಯ ಮೇಲೆ ಕೂತ ನೀರು ತಟ್ಟೆಗೆ ಬಿದ್ದು, ಸಣ್ಣ ಪಿವಿಸಿ ಪೈಪಿನಲ್ಲಿ ಆಚೆ ಹೋಗಬೇಕು. ಅದರಲ್ಲಿ ಪಾಚಿ ಕಟ್ಟಿದರೆ ತಟ್ಟೆ ತುಂಬುತ್ತದೆ. ಕೆಲವು ಮನೆಗಳಲ್ಲಿ ಎರಡನೇ ಪೈಪನ್ನು ಬೇಕಂತಲೇ ಕಿಟಕಿಯ ಮೇಲೆ ಬಿಟ್ಟಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲನೆಯದು ಕಟ್ಟಿದೆ ಅಂತಲೇ ಅರ್ಥ. ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಪೈಪಿನ ಹೊರತುದಿಗೆ ಹಿಡಿದು ಎಳೆಯಿರಿ. ಆಮೇಲೆ ತಿಂಗಳಿಗೊಮ್ಮೆ ಒಂದು ಕಪ್ ವಿನೆಗರ್ ಸುರಿದರೆ ಸಾಕು.

ನಮ್ಮ ಮನೆಯಲ್ಲಿ ಪೈಪು ಚೆನ್ನಾಗೇ ಇತ್ತು. ತಪ್ಪು ನನ್ನದು. ಗಾಳಿ ಆಡುತ್ತಿರಲಿ ಅಂತ ಥರ್ಮೋಸ್ಟಾಟ್‌ನಲ್ಲಿ ಫ್ಯಾನನ್ನು 'ಆನ್'ಗೆ ಇಟ್ಟಿದ್ದೆ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡುತ್ತದೆ. ಕಾಯಿಲ್ ಮೇಲಿದ್ದ ನೀರು ತಟ್ಟೆಗೆ ಇಳಿಯುವ ಬದಲು ಆವಿಯಾಗಿ ಡಕ್ಟಿಗೂ ಮನೆಗೂ ವಾಪಸ್ ಬರುತ್ತದೆ. ಹ್ಯೂಸ್ಟನ್‌ನಂಥ ಊರಲ್ಲಿ ಫ್ಯಾನ್ 'ಆಟೊ'ದಲ್ಲೇ ಇರಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೆಕ್ನಿಷಿಯನ್ ಬಂದು ಯಂತ್ರದ ಮುಚ್ಚಳ ತೆಗೆದಾಗ, ಕಾಯಿಲ್ ದಾಟಿದ ಕೂಡಲೇ ಇರುವ ಒಳಹೊದಿಕೆ ಅಂಗೈಯಗಲ ಅಲ್ಲಲ್ಲಿ ಕಪ್ಪಾಗಿತ್ತು. ಮುಟ್ಟಿದರೆ ಒದ್ದೆ. ಅಮ್ಮನ ಮೂಗು ಹಿಡಿದದ್ದು ಅದನ್ನೇ.

ಡಕ್ಟ್ ಸೀಲಿಂಗಿಗೆ ಸೇರುವ ಜಾಗದಲ್ಲಿ ಸಂದು ಇದ್ದರೆ ಅಟ್ಟದ ಬಿಸಿ ಗಾಳಿ ಬಂದು ಅಲ್ಲೇ ಬೆವರುತ್ತದೆ. ಆ ಸಂದಿಗೆ ಮಾಸ್ಟಿಕ್ ಎಂಬ ಅಂಟು ಪೇಸ್ಟ್ ಬಳಿಸಿ. ಬಟ್ಟೆಯ ಡಕ್ಟ್ ಟೇಪ್ ಹೆಸರಿಗೆ ಮಾತ್ರ ಡಕ್ಟಿನದು, ಸೆಕೆಗೆ ಬಿಟ್ಟುಕೊಳ್ಳುತ್ತದೆ. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿಸಿದ್ದರೂ ತೊಂದರೆ. ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ, ತೇವ ಎಳೆಯಲು ಸಮಯವೇ ಸಿಗುವುದಿಲ್ಲ.

ಕೊನೆಗೆ ಮನೆಯೊಳಗಿನ ತೇವ. ಹತ್ತು ಹದಿನೈದು ಡಾಲರಿಗೆ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಸಿಗುತ್ತದೆ, ತಂದಿಡಿ. ಅಂಕಿ ಶೇಕಡಾ 60ರ ಒಳಗಿರಲೇಬೇಕು, 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಮೊದಲ ದಿನ 66 ತೋರಿಸಿತು. ಅದರಲ್ಲಿ ನನ್ನ ಫ್ಯಾನಿನ ಪಾಲು ಎಷ್ಟೋ, ಅಮ್ಮ ದಿನಾ ರೂಮಿನಲ್ಲಿ ಹಗ್ಗ ಕಟ್ಟಿ ಹರವುತ್ತಿದ್ದ ಸೀರೆಯ ಪಾಲು ಎಷ್ಟೋ!

ಯಾವುದನ್ನು ಉಜ್ಜುವುದು, ಯಾವುದನ್ನು ಎಸೆಯುವುದು

ತಗಡು, ಪ್ಲಾಸ್ಟಿಕ್ ಜಾಲರಿ ಇಂಥ ಗಟ್ಟಿ ವಸ್ತುಗಳನ್ನು ಸೋಪು ನೀರಿನಲ್ಲಿ ಉಜ್ಜಿ ಪೂರ್ತಿ ಒಣಗಿಸಿದರೆ ಆಯಿತು. ಗಾಜಿನ ಉಣ್ಣೆ ಹಾಗಲ್ಲ. ಅದು ಒದ್ದೆಯಾಗಿ ಬೂಷ್ಟು ಹಿಡಿಯಿತೋ, ತೊಳೆದು ಉಳಿಸಿಕೊಳ್ಳುವ ಮಾತಿಲ್ಲ, ಕತ್ತರಿಸಿ ತೆಗೆದು ಹೊಸದು ಹಾಕಿಸಬೇಕು. ಬಗ್ಗುವ ಕೊಳವೆಯ ಒಳಗೆ ಬೂಷ್ಟು ಕಂಡರೂ ಅಷ್ಟು ಉದ್ದ ಬದಲಿಸುವುದೇ ಮೇಲು. ಔಷಧಿ ಹೊಗೆ ಬಿಟ್ಟು ಎಲ್ಲ ಸಾಯಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಗಾಜಿನ ಉಣ್ಣೆಯ ಡಕ್ಟಿಗೆ ಅಂತ ಇಪಿಎ ಒಪ್ಪಿಗೆ ಪಡೆದ ಅಂಥ ಔಷಧಿ ಇಲ್ಲ. ಸತ್ತ ಬೂಷ್ಟಿನಿಂದಲೂ ಸೀನು, ಅಲರ್ಜಿ ಬರಬಹುದು. ಆದ್ದರಿಂದ ಕೊಂದರೆ ಸಾಲದು, ತೆಗೆಯಬೇಕು.

ನೀವೇ ಕೈ ಹಾಕುವುದಾದರೆ ಬ್ರೇಕರ್‌ನಲ್ಲೇ ಕರೆಂಟ್ ತೆಗೆಯಿರಿ. ಎನ್95 ಮಾಸ್ಕ್, ಕೈಗವಸು, ಕಣ್ಣಿಗೆ ಧೂಳು ಬೀಳದಂಥ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಅಸ್ತಮಾ ಇರುವವರನ್ನೂ ಕೂಸುಗಳನ್ನೂ ಆ ಹೊತ್ತು ಬೇರೆ ಕಡೆ ಕಳಿಸಿ. ಅಟ್ಟಕ್ಕೆ ಬೆಳಿಗ್ಗೆ ಬೇಗ ಹತ್ತಿ, ಮರದ ತೊಲೆಗಳ ಮೇಲೆ ಮಾತ್ರ ಕಾಲಿಡಿ. ನಡುವೆ ಇಟ್ಟರೆ ಕಾಲು ನೇರ ಅಡುಗೆಮನೆಗೆ ಇಳಿಯುತ್ತದೆ. ಬ್ಲೀಚ್ ಜೊತೆ ಅಮೋನಿಯಾ ಇರುವ ಕ್ಲೀನರ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಕಾಯಿಲ್ ತಂಟೆ ಟೆಕ್ನಿಷಿಯನ್‌ಗೆ ಬಿಡಿ.

ಮನೆಯವರು ಮಾಡಬಹುದಾದ್ದು ಸುಮಾರು 10 ಚದರಡಿಯವರೆಗೆ. ಟೆಕ್ಸಾಸ್‌ನಲ್ಲಿ ಒಂದೇ ಕಡೆ 25 ಚದರಡಿಯಷ್ಟು ಹಬ್ಬಿದ್ದರೆ, ದುಡ್ಡು ಕೊಟ್ಟು ತೆಗೆಸುವವರು ಲೈಸೆನ್ಸ್ ಇದ್ದವರನ್ನೇ ಕರೆಯಬೇಕು. ಪರೀಕ್ಷೆ ಮಾಡುವವನೂ ತೆಗೆಯುವವನೂ ಅಲ್ಲಿ ಬೇರೆ ಬೇರೆ ಆಗಿರಬೇಕು. ಒಳ್ಳೆಯ ಕಾನೂನು. ಒಬ್ಬನೇ ಆದರೆ ಬೂಷ್ಟು ಬೆಳೆಯುತ್ತಲೇ ಹೋಗುತ್ತದೆ, ಅಲ್ವಾ?

ಏನೇ ಒದ್ದೆಯಾದರೂ 24ರಿಂದ 48 ಗಂಟೆಯೊಳಗೆ ಒಣಗಿಸಿ. ಆ ಗಡುವು ದಾಟದಿದ್ದರೆ ಹೆಚ್ಚಿನ ಸಲ ಬೂಷ್ಟು ಏಳುವುದೇ ಇಲ್ಲ.

ಬೇಸಿಗೆಯಲ್ಲಿ ಊರಿಗೆ ಹೊರಟಾಗ

ನಮ್ಮವರು ಮಾಡುವ ತಪ್ಪು ಇದು. ಜೂನ್‌ನಲ್ಲಿ ಮಕ್ಕಳಿಗೆ ರಜೆ, ಎರಡು ತಿಂಗಳು ಊರು. ಕರೆಂಟ್ ಉಳಿಸಲು ಎಸಿ ಪೂರ್ತಿ ಆಫ್ ಮಾಡಿ ಹೊರಡುತ್ತಾರೆ. ಬಂದು ಬಾಗಿಲು ತೆಗೆದರೆ ಚಪ್ಪಲಿಯ ಮೇಲೂ ಬೂಷ್ಟು. ಆಫ್ ಮಾಡಬೇಡಿ. 80, 82 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಹೋಗಿ, ತೇವದ ಸೆಟ್ಟಿಂಗ್ ಇದ್ದರೆ 60ರ ಒಳಗೆ ಇಡಿ. ಹೊಸ ಫಿಲ್ಟರ್ ಹಾಕಿ. ತಟ್ಟೆ ತುಂಬಿದರೆ ಯಂತ್ರವನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಇದೆಯಾ ನೋಡಿ. ಪಕ್ಕದ ಮನೆಯವರಿಗೆ ಒಂದು ಕೀಲಿ ಕೊಟ್ಟಿರಿ.

ನಾವು ಹಾಳಾದ ಹೊದಿಕೆ ಬದಲಿಸಿ, ಫ್ಯಾನ್ ಆಟೊಗೆ ಹಾಕಿದ ಮೇಲೆ ಹೈಗ್ರೋಮೀಟರ್ 50ರ ಆಸುಪಾಸಿಗೆ ಇಳಿಯಿತು. ಅಮ್ಮನಿಗೆ ಅದು ಎಷ್ಟು ಹಿಡಿಸಿತೆಂದರೆ ವಾಪಸ್ ಹೋಗುವಾಗ ಒಂದನ್ನು ಬ್ಯಾಗಿಗೆ ಹಾಕಿಕೊಂಡಳು. ಮರುವರ್ಷ ಜುಲೈಯಲ್ಲಿ ತೀರ್ಥಹಳ್ಳಿಯಿಂದ ಫೋನ್. "ಇದು ಹಾಳಾಯ್ತು ಕಾಣ್ತದೆ ಕಣೋ. ಬೆಳಿಗ್ಗೆಯಿಂದ 94 ತೋರಿಸ್ತಾನೇ ಇದೆ."